ಮೂರನೇ ಸಾಲಿನಲ್ಲಿ ಕಲೀಮ್

ಕಗ್ಗದಾಸಪುರ
12 ಜನವರಿ 2025

ಕಲೀಮ್,

ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ನಾನು ಪ್ರಭುಲಿಂಗ. ಬಿಜಾಪುರದ ಕಡೆಯವನು, ಹಲಸೂರು ಕೆರೆಯ ಹತ್ತಿರ ರೂಮು ಮಾಡಿಕೊಂಡಿದ್ದವನು, ಬಿ.ಎ.ಯಲ್ಲಿ ಮೂರು ವರ್ಷ ನಿನ್ನ ಪಕ್ಕದಲ್ಲೇ ಕೂತವನು. ಕಾಲೇಜಿನ ಹಾಡು-ಊಟದ ಕೂಟ, ಆ ಸೋಶಿಯಲ್ ಬಂತೆಂದರೆ ಶಿವಾಜಿನಗರದಿಂದ ಬಾಡಿಗೆ ಆಂಪ್ಲಿಫೈಯರನ್ನು ಸೈಕಲ್ಲಿಗೆ ಕಟ್ಟಿಕೊಂಡು ಕಾಲೇಜಿಗೆ ತರುತ್ತಿದ್ದ ಪುಣ್ಯಾತ್ಮ ನಾನೇ.

ಹೋದ ತಿಂಗಳು ನಮ್ಮ ಆಫೀಸಿನವರ ಮಗಳ ರಿಸೆಪ್ಶನ್‌ಗೆ ಕೆ.ಆರ್. ಪುರಂಗೆ ಹೋಗಿದ್ದೆ. ವೇದಿಕೆಯ ಮೇಲೆ ಆರ್ಕೆಸ್ಟ್ರಾ. ಕೀಬೋರ್ಡ್ ಹಿಂದೆ ಒಬ್ಬ ಬೋಳುತಲೆಯವನು. ನೋಡಿದ ಮುಖ ಅನ್ನಿಸುತ್ತಿತ್ತು, ಯಾರು ಅಂತ ಹೊಳೆಯಲಿಲ್ಲ. ಹಾಡು ಮೇಲೇರಿದಾಗ ಅವನು ಕೆಳತುಟಿ ಕಚ್ಚಿಕೊಂಡ. ನೀನೇ ಅಂತ ಆಗ ಗೊತ್ತಾಯಿತು. ಎಷ್ಟು ಚೆನ್ನಾಗಿ ನುಡಿಸಿದೆಯೋ! ಒಂದು ಸ್ವರ ಆಚೀಚೆ ಆಗಲಿಲ್ಲ, ಕೈ ಆಗ ಹೇಗಿತ್ತೋ ಹಾಗೇ ಇದೆ.

ಮೇಲೆ ಬಂದು ಮಾತಾಡಿಸಬೇಕಿತ್ತು. ಆಗಲಿಲ್ಲ. ಒಂದೇ ಊರಿನಲ್ಲಿದ್ದು ಮೂವತ್ತೆರಡು ವರ್ಷ ಸಿಗದವನು ಯಾವ ಬಾಯಲ್ಲಿ ಶುರು ಮಾಡಬೇಕು? ಊಟ ಮಾಡಿ, ನಿಮ್ಮ ಆರ್ಕೆಸ್ಟ್ರಾದ ಕಾರ್ಡೊಂದನ್ನು ಇಸಿದುಕೊಂಡು ಬಂದುಬಿಟ್ಟೆ. ಆಮೇಲೆ ಆ ನಂಬರಿನವರು ನಿನ್ನ ಮನೆಯ ನಂಬರ್ ಕೊಟ್ಟರು. ಫೋನ್ ಎತ್ತಿದ್ದು ನಿನ್ನ ಮನೆಯವರು, ಶಮೀಮ್ ಅಂತ ಹೆಸರು ಹೇಳಿದರು. "ಅವ್ರು ಫೋನಲ್ಲಿ ಮಾತಾಡಲ್ಲ ರೀ, ಏನಿದ್ರೂ ಬರೆದು ಕಳ್ಸಿ" ಅಂದು ವಿಳಾಸ ಹೇಳಿದರು. ಈ ಕಾಲದಲ್ಲಿ ಪತ್ರ! ಪೋಸ್ಟಾಫೀಸಿನಲ್ಲಿ ಕವರ್ ಕೇಳಿದರೆ ಆ ಹುಡುಗಿ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

ವಿಷಯಕ್ಕೆ ಬರುತ್ತೇನೆ. ಕಲಬುರಗಿಯ ಭೀಮಾಶಂಕರ ನೆನಪಿದ್ದಾನಲ್ಲ, ನಮ್ಮ ಕ್ಲಾಸ್ ಲೀಡರ್? ಈಗ ಇಂದಿರಾನಗರದಲ್ಲಿ ಅವನದೊಂದು ಪಾರ್ಟಿ ಹಾಲ್ ಇದೆ. ನಮ್ಮ ಬ್ಯಾಚಿನವರನ್ನೆಲ್ಲ ಹುಡುಕಿ ಒಟ್ಟು ಮಾಡಿದ್ದಾನೆ. ಏಪ್ರಿಲ್ 27, ಭಾನುವಾರ, ಮಧ್ಯಾಹ್ನ ಹನ್ನೆರಡರಿಂದ ಸಂಜೆ ಆರು. ಭಾಷಣ, ಶಾಲು, ಹಾರ ಯಾವುದೂ ಇಲ್ಲ. ನಮ್ಮ ಕಾಲದ ಸೋಶಿಯಲ್ ಹೇಗಿತ್ತೋ ಹಾಗೇ ಮಾಡಬೇಕು ಅಂತ ತೀರ್ಮಾನ. ಆರು ಗಂಟೆಗೆ ಹುಡುಗಿಯರು ಮನೆ ಸೇರಬೇಕಲ್ಲ! ಈಗ ಅವರೆಲ್ಲ ಅಜ್ಜಿಯಂದಿರು, ಆದರೂ ಆರು ಗಂಟೆಯೇ.

ನೆನಪಿದೆಯಾ? ಹಲಸೂರಿನ ಗುಂಪು ತಮಿಳು ಹಾಡು ಬೇಕು ಅಂತ ಕೂಗುವುದು, ನಿಮ್ಮ ಶಿವಾಜಿನಗರದವರು ಹಿಂದಿ, ಕಾಕ್ಸ್ ಟೌನ್ ಹುಡುಗರು ಇಂಗ್ಲಿಷು, ನಾವು ಹಿಂದಿನ ಬೆಂಚಿನಿಂದ "ಕನ್ನಡಾ ಕನ್ನಡಾ" ಅಂತ ಡೆಸ್ಕು ಬಡಿಯುವುದು. ಜಗಳ ಹತ್ತುವ ಮುಂಚೆ ನೀನು ನಾಲ್ಕೂ ಭಾಷೆಯ ಹಾಡನ್ನು ಒಂದೊಂದು ಚರಣ ಹೆಣೆದು ನುಡಿಸಿಬಿಡುತ್ತಿದ್ದೆ. ಯಾರ ಹಾಡು ಯಾವಾಗ ಮುಗಿಯಿತು, ಯಾರದು ಶುರುವಾಯಿತು ಅಂತ ತಿಳಿಯುತ್ತಲೇ ಇರಲಿಲ್ಲ. ಇನ್ನು ಕೊನೆಯ ಸೋಶಿಯಲ್! ಜಯದೇವಿ ಬೀಳ್ಕೊಡುವ ಹಾಡು ಹಾಡಿದಳು, ನೀನು ನುಡಿಸಿದೆ, ಭೀಮಾಶಂಕರನಂಥ ಒರಟನೂ ಕರ್ಚೀಫು ತೆಗೆದ.

ನನಗೆ ಸಾಕಾಗಿದೆ ಕಲೀಮ್. ಒಂದೇ ಆಫೀಸು, ಒಂದೇ ಮೆಟ್ರೋ, ಮಂಡಿನೋವು. ದಿನದಲ್ಲಿ ಅರ್ಧ ಗಂಟೆ ಆ ಹಾಡುಗಳನ್ನು ಕಿವಿಗೆ ಸಿಕ್ಕಿಸಿಕೊಂಡಾಗ ಮಾತ್ರ ಬದುಕಿದ್ದೇನೆ ಅನ್ನಿಸುತ್ತದೆ. ನೀನು ಬಂದು ನುಡಿಸು. ಬೇಡ ಅನ್ನಬೇಡ.

ನಿನ್ನ ಹಳೆಯ ಬೆಂಚಿನವ,
ಪ್ರಭುಲಿಂಗ


ಪುಲಿಕೇಶಿನಗರ
2 ಫೆಬ್ರವರಿ 2025

ಪ್ರಭುಲಿಂಗಾ, ಸಲಾಂ.

ಕಗ್ಗದಾಸಪುರದಿಂದ ಇಲ್ಲಿಗೆ ಬರಲು ನಿನ್ನ ಪತ್ರಕ್ಕೆ ಆರು ದಿನ ಹಿಡಿಯಿತು. ಆ ಮಂಡಿ ಇಟ್ಟುಕೊಂಡು ನೀನೇ ನಡೆದು ಬಂದಿದ್ದರೂ ಮೊದಲು ತಲುಪುತ್ತಿದ್ದೆ. ಬೋಳುತಲೆ ಅಂತ ಬರೆದಿದ್ದೀಯಲ್ಲ, ಆ ಸಾಲನ್ನು ಶಮೀಮ್‌ಗೆ ಓದಿ ಹೇಳಿದೆ. ಎರಡು ದಿನ ನಕ್ಕಳು.

ನಾನು ಕನ್ನಡದಲ್ಲಿ ಪತ್ರ ಬರೆದು ಎಷ್ಟು ವರ್ಷವಾಯಿತೋ. ಶಿವಾಜಿನಗರದ ಸರ್ಕಾರಿ ಸ್ಕೂಲಿನ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದು, ಅಕ್ಷರ ಮಾತ್ರ ಇನ್ನೂ ದುಂಡಗಿದೆ.

ಸೋಶಿಯಲ್‌ಗೆ ಆಗುವುದಿಲ್ಲ. ಏಪ್ರಿಲ್ ಮದುವೆಯ ಕಾಲ. ಅದು ಬಿಡು, ನಿಜ ಹೇಳುತ್ತೇನೆ. ಆ ಹಾಡುಗಳು ನಿನಗೆ ಔಷಧಿ, ನನಗೆ ಡ್ಯೂಟಿ. ವಾರಕ್ಕೆ ಮೂರು ಸಲ ಅವೇ ಹಾಡು ನುಡಿಸುತ್ತೇನೆ. ವಧುವಿನ ಚಿಕ್ಕಪ್ಪ ಬರುತ್ತಾರೆ, ನಮ್ಮ ಕಾಲೇಜಿನ ದಿನದ ಹಾಡು ಹಾಕಿ ಅನ್ನುತ್ತಾರೆ. ಹಾಕುತ್ತೇನೆ. ವರನ ಸೋದರಮಾವ ಬರುತ್ತಾರೆ, ಅದೇ ಹಾಡು ಇನ್ನೊಂದು ಸಲ. ಬೇಕರಿಯವನನ್ನು ಹುಟ್ಟುಹಬ್ಬಕ್ಕೆ ಕರೆದು ಕೇಕ್ ತಿನ್ನು ಅಂದರೆ ಅವನ ಮುಖ ಹೇಗಿರುತ್ತದೆ ನೋಡು, ನನ್ನದು ಹಾಗಿರುತ್ತದೆ.

ನೀವೆಲ್ಲ ಇಪ್ಪತ್ತೊಂದನೇ ವಯಸ್ಸಿಗೆ ಆ ಹಾಡುಗಳನ್ನು ಬಿಟ್ಟು ಹೋದಿರಿ. ನಿಮ್ಮ ಪಾಲಿಗೆ ಅವು ಅಲ್ಲೇ ಎಳೆಯದಾಗಿ ಉಳಿದವು. ನಾನು ಅವುಗಳ ಜೊತೆ ಸಂಸಾರ ಮಾಡಿದೆ. ಇಬ್ಬರಿಗೂ ವಯಸ್ಸಾಗಿದೆ.

ಮನೆಗೆ ಬರುತ್ತೇನೆ ಅಂತ ಹೊರಡಬೇಡ. ಮೆಟ್ಟಿಲು ರಿಪೇರಿ ನಡೆದಿದೆ.

ಕಲೀಮುಲ್ಲಾ


ಕಗ್ಗದಾಸಪುರ
23 ಫೆಬ್ರವರಿ 2025

ಕಲೀಮ್,

ಬೈಯುವುದಿದ್ದರೆ ಈಗಲೇ ಬೈದುಬಿಡು. ನಿನ್ನ ಉತ್ತರ ಬರುವ ಮೊದಲೇ ಭೀಮಾಶಂಕರನಿಗೆ "ಕಲೀಮ್ ಒಪ್ಪಿದ್ದಾನೆ" ಅಂದುಬಿಟ್ಟಿದ್ದೆ. ನೀನು ಇಲ್ಲ ಅನ್ನಬಹುದು ಅಂತ ನನ್ನ ತಲೆಗೇ ಬರಲಿಲ್ಲ. ಕಾಲೇಜಿನಲ್ಲಿ ನೀನು ಯಾವತ್ತೂ ಇಲ್ಲ ಅಂದವನಲ್ಲ ನೋಡು. ಆಮಂತ್ರಣ ಅಚ್ಚಾಗಿ ಬಂದಿದೆ, ಒಂದನ್ನು ಇದರ ಜೊತೆ ಇಟ್ಟಿದ್ದೇನೆ. ಮುಂದಿನ ಪುಟದಲ್ಲಿ ದಪ್ಪಕ್ಷರದಲ್ಲಿ "ಸಂಗೀತ: ಕಲೀಮುಲ್ಲಾ ಮತ್ತು ತಂಡ" ಅಂತಿದೆ. ಹಿಂದೆ ನಮ್ಮ ಬ್ಯಾಚಿನ ಅರವತ್ತೊಂದು ಜನರ ಹೆಸರು. ಭೀಮಾಶಂಕರ ಯೂನಿವರ್ಸಿಟಿಯಿಂದ ಪಾಸಾದವರ ಪಟ್ಟಿ ತರಿಸಿ ಹಾಕಿಸಿದ್ದಾನೆ.

ಈಗ ಹಿಂದೆ ಸರಿದರೆ ನನ್ನ ಮಾನ ಹೋಗುತ್ತದೆ. "ಕಲೀಮ ಬರಲಿಲ್ಲಂದ್ರ ಅದೆಂಥಾ ಸೋಶಿಯಲ್ಲೋ? ಅದು ಬರೇ ಊಟ ಆಗ್ತದ" ಅಂತ ಭೀಮಾಶಂಕರ ಅಂದ. ಜಯದೇವಿ ಈಗ ಸರ್ವಜ್ಞನಗರದ ಸ್ಕೂಲೊಂದರಲ್ಲಿ ಹೆಡ್‌ಮಿಸ್ಸು, ಮೂವತ್ತು ವರ್ಷದಿಂದ ಮಕ್ಕಳನ್ನು ಗದರಿಸಿ ಗಂಟಲು ಒಡೆದಿದೆಯಂತೆ. ಆದರೂ ದಿನಾ ಬಿಸಿನೀರು ಕುಡಿದು ಪ್ರಾಕ್ಟೀಸು ಮಾಡುತ್ತಿದ್ದಾಳೆ. ಎಲ್ಲರೂ ಕೇಳುವುದು ನಿನ್ನನ್ನೇ.

ಮೂರೇ ಮೂರು ಹಾಡು. ಆಮೇಲೆ ನಮ್ಮ ಜೊತೆ ಕೂತು ಊಟ ಮಾಡಿ ಹೋಗು. ಇಷ್ಟಕ್ಕೆ ಯಾಕೆ ಹಿಂದೇಟು?

ಪ್ರಭು


ಪುಲಿಕೇಶಿನಗರ
9 ಮಾರ್ಚ್ 2025

ಪ್ರಭುಲಿಂಗಾ,

ರಂಜಾನ್ ಶುರುವಾಗಿ ಒಂದು ವಾರ. ಸಂಜೆಯಾದರೆ ಮಸೀದಿ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ನಾನು ಉಪವಾಸ ಇದ್ದೇನೆ, ಕೋಪ ಮಾಡಿಕೊಳ್ಳಬಾರದು. ಕೋಪವಿಲ್ಲದೆ ಬರೆಯಲು ಮೂರು ಸಲ ಕಾಗದ ಹರಿದೆ.

ಆಮಂತ್ರಣದ ಹಿಂದಿನ ಪುಟವನ್ನು ಎರಡು ಸಲ ಓದಿದೆ. ಅರವತ್ತೊಂದು ಹೆಸರಿನಲ್ಲಿ ನನ್ನದಿಲ್ಲ. ಇರುವುದು ಮುಂದಿನ ಪುಟದಲ್ಲಿ, ಶಾಮಿಯಾನದವನ ಹೆಸರಿನ ಮೇಲೆ, ಅಡುಗೆಯವರ ಹೆಸರಿನ ಕೆಳಗೆ. ಮದುವೆಮನೆಗಳಲ್ಲಿ ಆರ್ಕೆಸ್ಟ್ರಾದವರಿಗೆ ಊಟ ಕೊನೆಯ ಪಂಕ್ತಿಯಲ್ಲಿ, ಬಡಿಸುವವರ ಜೊತೆ. ನಿಮ್ಮ ಸೋಶಿಯಲ್‌ನಲ್ಲಿ ಯಾವ ಪಂಕ್ತಿ ಅಂತ ಮೊದಲೇ ಹೇಳಿಬಿಡು.

ನಾನು ಡಿಗ್ರಿ ಮುಗಿಸಲಿಲ್ಲ, ಪ್ರಭು. ಕೊನೆಯ ವರ್ಷ ಆರ್ಕೆಸ್ಟ್ರಾಗಳ ಹಿಂದೆ ತಿರುಗಿ ಅಟೆಂಡೆನ್ಸ್ ಸಾಲದೆ ಹೋಯಿತು, ಹಾಲ್‌ಟಿಕೆಟ್ ಬರಲಿಲ್ಲ. ಪರೀಕ್ಷೆಯ ದಿನ ನನ್ನ ಜಾಗ ಖಾಲಿ ಇತ್ತು. ಯಾಕೆ ಬರಲಿಲ್ಲ ಅಂತ ನೀನು ಒಂದು ದಿನವೂ ಬಂದು ಕೇಳಲಿಲ್ಲ.

ನೀವೆಲ್ಲ ಅತ್ತ ಆ ಕೊನೆಯ ಸೋಶಿಯಲ್‌ನಲ್ಲಿ ನುಡಿಸಿದ್ದು ನಾನಲ್ಲ. ಅವತ್ತು ನಾನು ಕೆ.ಆರ್. ಪುರಂನಲ್ಲಿ ಒಂದು ಮದುವೆಯಲ್ಲಿದ್ದೆ. ನೀನು ಆಂಪ್ಲಿಫೈಯರ್ ಹೊತ್ತು ತಂದದ್ದು ನಿಜ. ಅದಕ್ಕೆ ಚುಚ್ಚಿದ್ದು ಟೇಪ್‌ರೆಕಾರ್ಡರ್. ಜಯದೇವಿ ಟೇಪಿನ ಜೊತೆ ಹಾಡಿದಳು, ಮಾರನೇ ದಿನ ಅವಳೇ ನನಗೆ ಹೇಳಿದಳು. ಮೂವತ್ತೆರಡು ವರ್ಷದಿಂದ ನೀವೆಲ್ಲ ಆ ಟೇಪ್‌ರೆಕಾರ್ಡರನ್ನು ಕಲೀಮ್ ಅಂತ ನೆನಪಿಟ್ಟುಕೊಂಡಿದ್ದೀರಿ. ನಾನಿಲ್ಲದ್ದು ಯಾರಿಗೂ ಕಾಣಲಿಲ್ಲವಲ್ಲ ಅಂತ ಇವತ್ತು ನೋವಾಯಿತು.

ಇನ್ನೊಂದು ಮಾತು. ಇದು ನಿನ್ನಲ್ಲೇ ಇರಲಿ. ಶಮೀಮ್ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನನ್ನ ಕಿವಿ ಹೋಗುತ್ತಿದೆ. ಇಷ್ಟು ವರ್ಷ ಡ್ರಮ್ಸ್ ಪಕ್ಕ, ಸ್ಪೀಕರ್ ಮುಂದೆ ಕೂತದ್ದಕ್ಕೆ ಇದು ಬಹುಮಾನ. ಮೇಲಿನ ಸ್ವರಗಳು ಮೊದಲು ಹೋಗುತ್ತವೆ ಅಂತ ಡಾಕ್ಟರು ಹೇಳಿದರು. ಹೋಗಿವೆ. ಫೋನಿನಲ್ಲಿ ಬರೀ ಗುಳುಗುಳು. ವೇದಿಕೆಯ ಮೇಲೆ ಬೆರಳಿನ ಅಭ್ಯಾಸದಿಂದ ನುಡಿಸುತ್ತೇನೆ, ಹಾಡುವವರ ಬಾಯಿ ನೋಡಿಕೊಂಡು ಜಾಗ ಹಿಡಿಯುತ್ತೇನೆ. ಕಿವಿಯ ಮಷೀನು ಬೀರುವಿನಲ್ಲಿದೆ. ಹಾಕಿಕೊಂಡು ಹೋದರೆ ತಂಡಕ್ಕೆಲ್ಲ ಗೊತ್ತಾಗುತ್ತದೆ. ನಮ್ಮ ತಂಡದ ಮುಖ್ಯಸ್ಥ ವೆಂಕಟಸ್ವಾಮಿ, ಡ್ರಮ್ಸ್ ನುಡಿಸುವವನು, ಇಪ್ಪತ್ತಾರು ವರ್ಷದ ಜೊತೆಗಾರ. ಅವನಿಗೆ ತಿಳಿದ ದಿನ ನನ್ನ ಜಾಗದಲ್ಲಿ ಬೇರೆಯವನು ಕೂರುತ್ತಾನೆ. ಈ ಕೆಲಸ ಬಿಟ್ಟರೆ ನನಗೆ ಇನ್ನೇನೂ ಬರುವುದಿಲ್ಲ. ದಿನಾ ಹೆದರಿಕೊಂಡೇ ಮನೆಯಿಂದ ಹೊರಡುತ್ತೇನೆ.

ನಿನ್ನ ಸೋಶಿಯಲ್‌ಗೆ ಬರಲು ನನಗೆ ಆಸೆಯಿಲ್ಲ ಅಂತಲ್ಲ. ಇದೆ. ಅಷ್ಟು ಸೋಶಿಯಲ್‌ಗಳಲ್ಲಿ ನಾನು ಒಮ್ಮೆಯೂ ಕೆಳಗೆ ಕೂತಿಲ್ಲ. ಸಮೋಸ ತಿಂದಿಲ್ಲ, ಡೆಸ್ಕು ಬಡಿದಿಲ್ಲ. ನಿಮ್ಮ ತಲೆಗಳನ್ನು ಮೇಲಿನಿಂದ ನೋಡಿದ್ದೇನೆ, ಅಷ್ಟೇ. ಕಿವಿ ಪೂರ್ತಿ ಮುಚ್ಚುವ ಮೊದಲು ಒಂದೇ ಒಂದು ಸಲ ನಿಮ್ಮ ನಡುವೆ ಕೂತು ಕೇಳಬೇಕು. ನುಡಿಸಲು ಕರೆಯುವುದಾದರೆ ನಾನು ಬರುವುದಿಲ್ಲ.

ಕಲೀಮ್


ಕಗ್ಗದಾಸಪುರ
18 ಮಾರ್ಚ್ 2025

ಕಲೀಮ್,

ನಿನ್ನ ಪತ್ರವನ್ನು ಮೆಟ್ರೋದಲ್ಲಿ ಓದಿದೆ. ಇಂದಿರಾನಗರದಲ್ಲಿ ಇಳಿಯಬೇಕಾದವನು ಎಂ.ಜಿ. ರೋಡ್‌ವರೆಗೆ ಹೋಗಿಬಿಟ್ಟೆ.

ಯಾಕೆ ಕೇಳಲಿಲ್ಲ ಅಂದೆಯಲ್ಲ, ಹೇಳುತ್ತೇನೆ. ಎರಡು ವರ್ಷ ನಿನ್ನ ಅಟೆಂಡೆನ್ಸ್ ಕೂಗುತ್ತಿದ್ದದ್ದು ನಾನು. ನನ್ನ ನಂಬರಿಗೆ ನನ್ನ ದನಿ, ನಿನ್ನ ನಂಬರಿಗೆ ತಲೆ ಬಗ್ಗಿಸಿ ದಪ್ಪ ದನಿ, "ಎಸ್ ಸಾರ್". ಕೊನೆಯ ವರ್ಷ ದಸರೆ ರಜೆ ಮುಗಿದ ಮೇಲೆ ಹಿಸ್ಟರಿ ಸಾರ್ ನನ್ನನ್ನು ಹಿಡಿದರು. ಇನ್ನೊಂದು ಸಲ ಕೂಗಿದರೆ ನಿನಗೂ ಹಾಲ್‌ಟಿಕೆಟ್ ಇಲ್ಲ ಅಂದರು. ನಾನು ಹೆದರಿದೆ. ಅವತ್ತಿನಿಂದ ಕೂಗುವುದನ್ನು ಬಿಟ್ಟೆ. ಬಿಟ್ಟೆ ಅಂತ ನಿನಗೆ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಐದು ತಿಂಗಳು ಕಳೆದವು. ನೋಟಿಸ್ ಬೋರ್ಡಿನ ಮೇಲೆ ಅಟೆಂಡೆನ್ಸ್ ಕಡಿಮೆ ಇದ್ದವರ ಪಟ್ಟಿಯಲ್ಲಿ ನಿನ್ನ ಹೆಸರು ನೋಡಿದವನು ನಾನೇ ಮೊದಲು. ಅದಾದ ಮೇಲೆ ಶಿವಾಜಿನಗರದ ಬಸ್ಸನ್ನೇ ಹತ್ತಲಿಲ್ಲ. ನೀನು ಎಲ್ಲಿಯಾದರೂ ಎದುರು ಸಿಕ್ಕಿಬಿಟ್ಟರೆ ಅಂತ.

ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ನಾನು ಮಾಡಿದೆ, ನೀನು ಉಂಡೆ. ಕ್ಷಮಿಸು ಅಂತ ಬರೆಯಲು ಈಗ ಬಹಳ ತಡವಾಗಿದೆ, ಆದರೂ ಬರೆಯುತ್ತೇನೆ. ಕ್ಷಮಿಸು.

ನಮ್ಮ ನಡುವೆ ನಿನಗೊಂದು ಕುರ್ಚಿ ಸಿಗುವಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ನೀನು ಕೆಳಗೆ ಕೂರು, ನಾನು ನುಡಿಸುತ್ತೇನೆ. ನಗಬೇಡ. ಮಗಳು ಅಂಜಲಿ ಏಳನೇ ಕ್ಲಾಸಿನಲ್ಲಿ ಎರಡು ತಿಂಗಳು ಕಲಿತು ಬಿಟ್ಟ ಕೀಬೋರ್ಡ್ ಮಂಚದ ಕೆಳಗಿತ್ತು, ಹೊರಗೆ ಎಳೆದು ಧೂಳು ಒರೆಸಿದ್ದೇನೆ. ಐದು ವಾರ ಇದೆ. ಮೂರು ಹಾಡು ನನ್ನಿಂದಾಗದು. ಆ ಬೀಳ್ಕೊಡುಗೆ ಹಾಡೊಂದನ್ನು ಕಲಿಸು. ಎದುರು ಬಂದು ಕೂರಲು ನನಗೆ ನಾಚಿಕೆ, ನಿನಗೂ ನನ್ನ ಮುಖ ನೋಡಲು ಇನ್ನೂ ಮನಸ್ಸಿರಲಿಕ್ಕಿಲ್ಲ. ಬರೆದು ಕಳಿಸು.

ಕಿವಿಯ ವಿಷಯ ನನ್ನ ಬಾಯಿಂದ ಹೊರಬೀಳುವುದಿಲ್ಲ.

ಪ್ರಭು


ಪುಲಿಕೇಶಿನಗರ
29 ಮಾರ್ಚ್ 2025

ಪ್ರಭು,

ನೀನು ಕೂಗುವುದನ್ನು ಬಿಟ್ಟದ್ದು ನನಗೆ ಗೊತ್ತಿರಲಿಲ್ಲ. ಯಾರೋ ಗುಮಾಸ್ತನ ಲೆಕ್ಕ ತಪ್ಪಿರಬೇಕು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಎರಡು ದಿನ ನಿನ್ನ ಮೇಲೆ ಸಿಟ್ಟು ತಡೆಯಲಾಗಲಿಲ್ಲ. "ರೋಜಾ ಉಪವಾಸ ಇಟ್ಕೊಂಡು ಬೈಬೇಡಿ, ಹಬ್ಬ ಆದ್ಮೇಲೆ ಬೈಯಿರಿ" ಅಂದಳು ಶಮೀಮ್. ಮೂರನೇ ದಿನ ಯೋಚನೆ ಮಾಡಿದೆ. ಕ್ಲಾಸಿಗೆ ಹೋಗಬೇಕಾದವನು ನಾನು. ಎರಡು ವರ್ಷ ನನ್ನ ಬದಲು ಕೂಗಿದವನಿಗೆ ನಾನು ಒಂದು ಟೀ ಕೂಡ ಕುಡಿಸಿರಲಿಲ್ಲ. ಬೈಗುಳ ಮನ್ನಾ. ಹಾಡು ಕಲಿ.

ಕೀಬೋರ್ಡಿನ ನಡುವಿನಲ್ಲಿ ಎರಡು ಕರಿ ಮನೆಗಳ, ಅಂದರೆ ಕರಿ ಕೀಗಳ, ಜೋಡಿ ಕಾಣುತ್ತದೆ. ಅದರ ಎಡಕ್ಕೆ ಅಂಟಿಕೊಂಡ ಬಿಳಿ ಮನೆಗೆ ಕುಂಕುಮ ಹಚ್ಚು. ಅದೇ ನಿನ್ನ ಊರು. ಎಲ್ಲಿ ದಾರಿ ತಪ್ಪಿದರೂ ಅಲ್ಲಿಗೆ ವಾಪಸ್ಸು ಬಾ. ಬೇರೆ ಕಾಗದದಲ್ಲಿ ಮನೆಗಳ ಚಿತ್ರ ಬರೆದು ಪ್ರತಿ ಸಾಲಿಗೂ ಬೆರಳಿನ ನಂಬರ್ ಹಾಕಿದ್ದೇನೆ. ಹೆಬ್ಬೆರಳು ಒಂದು, ಕಿರುಬೆರಳು ಐದು.

ಮೊದಲ ವಾರ ಬಲಗೈ ಮಾತ್ರ. ಎರಡನೇ ವಾರ ಎಡಗೈ ಮಾತ್ರ. ಆಮೇಲೆ ಎರಡನ್ನೂ ಜೊತೆ ಸೇರಿಸು. ಜಗಳವಾಡುತ್ತವೆ, ಆಡಲಿ. ಬೇಗ ನುಡಿಸಬೇಡ. ಹೊಸಬರೆಲ್ಲ ಮಾಡುವ ತಪ್ಪು ಅದು, ಹೆದರಿಕೆಗೆ ಓಡುತ್ತಾರೆ. ತಪ್ಪು ಮನೆ ಒತ್ತಿದರೆ ಮುಖ ಹುಳ್ಳಗೆ ಮಾಡಬೇಡ. ನೀನು ಮುಖ ಮಾಡದಿದ್ದರೆ ಅರ್ಧ ಜನಕ್ಕೆ ತಪ್ಪು ತಿಳಿಯುವುದಿಲ್ಲ.

ಜಯದೇವಿಯ ವಿಷಯ. ಆಗ ಅವಳು ಹಾಡುತ್ತಿದ್ದ ಎತ್ತರ ಈಗ ಅವಳಿಗೆ ಸಿಗುವುದಿಲ್ಲ. ವಯಸ್ಸಾದ ಗಂಟಲು ಎರಡು ಮೂರು ಮನೆ ಕೆಳಗಿಳಿದಿರುತ್ತದೆ. ಅದನ್ನು ಅವಳಿಗೆ ಹೇಳಬೇಡ. ಟ್ರಾನ್ಸ್‌ಪೋಸ್ ಅಂತ ಒಂದು ಬಟನ್ ಇದೆ, ಅವಳು ನೀರು ಕುಡಿಯುವಾಗ ಎರಡು ಸಲ ಒತ್ತಿ ಇಳಿಸಿಬಿಡು. ನೀನು ಅದೇ ಮನೆಗಳನ್ನು ಒತ್ತಿದರೂ ಹಾಡು ಕೆಳಗಿನಿಂದ ಬರುತ್ತದೆ, ಅವಳು ಸುಖವಾಗಿ ಹಾಡುತ್ತಾಳೆ. ನಮ್ಮ ಕೆಲಸದಲ್ಲಿ ಇದನ್ನೆಲ್ಲ ಬಾಯಿಬಿಟ್ಟು ಆಡುವುದಿಲ್ಲ.

ಈದ್ ಮುಬಾರಕ್, ಮುಂಚಿತವಾಗಿ. ನೀನು ಶಾವಿಗೆ ಪಾಯಸ ಕುಡಿಯಲು ಬರಬಹುದು, ಆದರೆ ಹಾಡು ಬಂದ ಮೇಲೆ. ಮೆಟ್ಟಿಲು ಚೆನ್ನಾಗಿಯೇ ಇದೆ.

ಕಲೀಮ್


ಕಗ್ಗದಾಸಪುರ
19 ಏಪ್ರಿಲ್ 2025

ಕಲೀಮ್,

ಮನೆಯಲ್ಲಿ ನನ್ನನ್ನೂ ಕೀಬೋರ್ಡನ್ನೂ ಒಟ್ಟಿಗೆ ಹೊರಗೆ ಹಾಕುವ ಮಾತು ನಡೆದಿದೆ. ಕೆಳಗಿನ ಮನೆಯ ಮುನಿವೆಂಕಟಮ್ಮ ನಿನ್ನೆ ಕೇಳಿದರು, "ಏನ್ ಸಾ, ಆ ಹಾಡು ಮುಂದಕ್ಕೆ ಹೋಗೋದೇ ಇಲ್ವಾ?" ಎರಡನೇ ಚರಣಕ್ಕೆ ಮುಂಚಿನ ಭಾಗ ನನಗಿನ್ನೂ ಕೈಗೆ ಹತ್ತಿಲ್ಲ. ಬೆರಳು ಗಂಟು ಬೀಳುತ್ತದೆ.

ನೀನು ನುಡಿಸುವುದಿಲ್ಲ, ಗೆಳೆಯನಾಗಿ ಬರುತ್ತೀಯ ಅಂತ ಎಲ್ಲರಿಗೂ ಹೇಳಿದೆ. ಭೀಮಾಶಂಕರ ಮುನಿಸಿಕೊಂಡ. "ದೊಡ್ಡ ಮನಷ್ಯಾ ಆಗ್ಯಾನ ಅವಾ, ಮೂರು ಹಾಡಿಗಿ ಕೈ ನೋಯ್ತಾವೇನು?" ಅಂದ. ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವನು ಅಂದದ್ದನ್ನು ನಿನಗೆ ಮುಚ್ಚಿಡಬಾರದು ಅಂತ ಬರೆಯುತ್ತಿದ್ದೇನೆ. ಮುಚ್ಚಿಟ್ಟು ಒಂದು ಸಲ ನೋಡಿಯಾಯಿತು.

ಜಯದೇವಿ ಜೊತೆ ನಿನ್ನೆ ಪ್ರಾಕ್ಟೀಸು ಮಾಡಿದೆ. ಅವಳು ಫ್ಲಾಸ್ಕ್ ಎತ್ತಿದಾಗ ಬಟನ್ ಒತ್ತಿದೆ. ಹಾಡಿ ಮುಗಿಸಿ, "ಇವತ್ತು ಗಂಟಲು ಎಷ್ಟು ಚೆನ್ನಾಗ್ ಬಂತು ನೋಡೋ, ಬಿಸಿನೀರಿನ ಮಹಿಮೆ" ಅಂದಳು. ಹೌದು ಅಂದೆ.

ಬ್ಯಾಡ್ಜುಗಳೆಲ್ಲ ಅಚ್ಚಾಗಿವೆ, ನಿನ್ನದು ಇರಲಿಲ್ಲ. ನಾನೇ ಕೈಯಲ್ಲಿ ಬರೆದಿದ್ದೇನೆ. ಮೂರನೇ ಸಾಲು, ನಡುವಿನ ದಾರಿಯ ಪಕ್ಕದ ಕುರ್ಚಿ. ಮಷೀನು ಹಾಕಿಕೊಂಡು ಬಾ. ಆ ಹಾಲಿನಲ್ಲಿ ನಿನ್ನ ತಂಡದವರು ಯಾರೂ ಇರುವುದಿಲ್ಲ.

ಪ್ರಭು


ಪುಲಿಕೇಶಿನಗರ
7 ಮೇ 2025

ಪ್ರಭು,

ಪತ್ರ ಹತ್ತು ದಿನ ತಡವಾಯಿತು. ಅವತ್ತು ನೀನು ಹಾಡು ಮುಗಿಸಿ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡು "ಹೆಂಗಿತ್ತೋ?" ಅಂದೆ. ನಾನು ತಲೆ ಅಲ್ಲಾಡಿಸಿದೆ. ಆ ಗದ್ದಲದಲ್ಲಿ ಬೇರೇನು ಹೇಳಲಿ? ಈಗ ಹೇಳುತ್ತೇನೆ.

ಬ್ಯಾಡ್ಜಿನ ಮೇಲೆ "ಕಲೀಮುಲ್ಲಾ, ಬಿ.ಎ." ಅಂತ ನೀನು ಬರೆದಿದ್ದೆ. ಸುಳ್ಳು. ಆದರೂ ಸಂಜೆಯವರೆಗೆ ತೆಗೆಯಲಿಲ್ಲ. ಮೊದಲನೇ ಪಂಕ್ತಿಯಲ್ಲಿ ಬಿಸಿ ಬಿಸಿ ಊಟ ಮಾಡಿದೆ. ಪಾಪಡ್ ಗರಿಗರಿಯಾಗಿರುತ್ತದೆ ಅಂತ ಅವತ್ತೇ ತಿಳಿದದ್ದು.

ನೀನು ಮೇಲೆ ಹೋಗಿ ಕೂತು ಕುಂಕುಮದ ಮನೆ ಹುಡುಕಿದ್ದು ನನಗೆ ಕಂಡಿತು. ನಿನ್ನ ಎಡಗೈ ಕೇಳಿಸಿತು, ಪಕ್ಕದ ಮನೆಯಲ್ಲಿ ಯಾರೋ ನುಡಿಸಿದ ಹಾಗೆ. ಜಯದೇವಿಯ ದನಿ ಸಾಲಿನ ಶುರುವಿನಲ್ಲಿ ಕೇಳಿಸುತ್ತಿತ್ತು, ಮೇಲೇರಿದಾಗ ಮಾಯವಾಗುತ್ತಿತ್ತು. ಮಷೀನು ಹಾಕಿಕೊಂಡರೂ ಅಷ್ಟೇ. ಉಳಿದದ್ದನ್ನು ನಿನ್ನ ಬೆರಳು ನೋಡಿ ತುಂಬಿಕೊಂಡೆ. ನನಗೆ ಅಷ್ಟು ಸಾಕಾಯಿತು. ಖುಷಿಯಾಯಿತು ಪ್ರಭು, ನಿಜವಾಗಿ ಖುಷಿಯಾಯಿತು.

ನೀನು ಮೂರು ಕಡೆ ತಪ್ಪಿದೆ. ಎರಡನೇ ಚರಣದ ಮುಂಚಿನ ಭಾಗವನ್ನು ಪೂರ್ತಿ ನುಂಗಿಬಿಟ್ಟೆ. ಯಾರು ನಗುತ್ತಾರೋ ಅಂತ ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಎಡಗಡೆಯವರು ಮೊಮ್ಮಗನ ಫೋಟೋ ತೋರಿಸುತ್ತಿದ್ದರು. ಹಿಂದೆ ಇಬ್ಬರು ಹೆಂಗಸರು ಮಾತಿನಲ್ಲಿ ಮುಳುಗಿದ್ದರು. ಭೀಮಾಶಂಕರ ತನ್ನ ಹೊಟ್ಟೆಯ ಆಪರೇಷನ್ ಕತೆಯನ್ನು ಎಷ್ಟು ಜೋರಾಗಿ ಹೇಳುತ್ತಿದ್ದ ಅಂದರೆ ನನಗೂ ಕೇಳಿಸಿತು. ಮೂರು ನಾಲ್ಕು ಜನ ಕಣ್ಣು ಮುಚ್ಚಿ ಹಾಡುತ್ತಿದ್ದರು, ಜಯದೇವಿ ಒಂದು ಸಾಲಿನಲ್ಲಿದ್ದರೆ ಅವರು ಇನ್ನೊಂದರಲ್ಲಿ. ಹಾಡು ಮುಗಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕಣ್ಣು ಒರೆಸಿಕೊಂಡರು. ಭೀಮಾಶಂಕರ ಬಂದು ನನ್ನನ್ನು ತಬ್ಬಿ, "ಹಳೇ ದಿನಾ ತಿರಗಿ ಬಂದ್ವು ನೋಡೋ" ಅಂದ. ಅತ್ತಿದ್ದ ಅವನು.

ಅಂದರೆ ಕೆಳಗೆ ಯಾರೂ ಕೇಳುವುದಿಲ್ಲ! ಆಗಲೂ ಕೇಳಿರಲಿಲ್ಲ. ಅವರವರ ಹಾಡು ಅವರವರ ತಲೆಯಲ್ಲಿದೆ, ಮೇಲಿನವನು ಎಬ್ಬಿಸಿಕೊಟ್ಟರೆ ಸಾಕು. ಮೊದಲು ಬೇಜಾರಾಯಿತು. ಮಸೀದಿ ರಸ್ತೆಗೆ ಬರುವಷ್ಟರಲ್ಲಿ ಆಟೋದಲ್ಲಿ ಒಬ್ಬನೇ ನಗುತ್ತಿದ್ದೆ. ಒಂದು ಸ್ವರ ತಪ್ಪಿದರೆ ಯಾರಾದರೂ ಹಿಡಿದಾರು ಅಂತ ಇಷ್ಟು ವರ್ಷ ಹೆದರಿದ್ದು ಯಾರಿಗೆ?

ಆ ಧೈರ್ಯದ ಮೇಲೆ ನಿನ್ನೆ ವೆಂಕಟಸ್ವಾಮಿಯ ಮನೆಗೆ ಹೋದೆ. ಹಲಸೂರಿನಲ್ಲಿ ಅವನ ಮನೆ, ವರಾಂಡದಲ್ಲಿ ಕೂತು ಡ್ರಮ್ಮಿನ ಚರ್ಮ ಬಿಗಿ ಮಾಡುತ್ತಿದ್ದ. ನಿಂತುಕೊಂಡೇ ಹೇಳಿದೆ, "ನನ್ನ ಕಿವಿ ಹೋಗಿದೆ ಗುರು. ಎರಡು ವರ್ಷದಿಂದ ಮುಚ್ಚಿಟ್ಟಿದ್ದೆ."

ಅವನು ತಲೆ ಎತ್ತಿದ. ನನಗೆ ತುಟಿ ಕಾಣುವಂತೆ ನಿಧಾನಕ್ಕೆ ಹೇಳಿದ, "ಗೊತ್ತು."

"ಹೆಂಗೆ ಗೊತ್ತು?"

"ನಿನ್ ಸ್ವರ ತಪ್ತಾ ಇತ್ತು. ಹೋದ್ವರ್ಷ ಯುಗಾದಿ ಆದ್ಮೇಲೆ ನಿನ್ ಕೀಬೋರ್ಡ್ ಸೌಂಡ್ ಪೂರ್ತಿ ಇಳಿಸ್ಬಿಟ್ಟಿದ್ದೀನಿ ಕಲೀಮ್. ಲ್ಯಾಪ್‌ಟಾಪಲ್ಲಿ ಮೊದ್ಲೇ ರೆಕಾರ್ಡ್ ಮಾಡಿರೋ ಟ್ರ್ಯಾಕ್ ಹೋಗ್ತಿರುತ್ತೆ. ಹೊರಗಡೆ ಜನಕ್ಕೆ ಕೇಳ್ಸೋದು ಅದೇ."

ಡ್ರಮ್ಮಿನ ಪೆಟ್ಟಿಗೆಯ ಮೇಲೆ ಕೂತೆ. ಹದಿಮೂರು ತಿಂಗಳು, ಪ್ರಭು. ಎಷ್ಟು ಮದುವೆ, ಎಷ್ಟು ರಿಸೆಪ್ಶನ್. ನಾನು ನುಡಿಸಿದ್ದು ಒಬ್ಬರಿಗೂ ಕೇಳಿಸಿಲ್ಲ. ಕೇಳಿಸಿಕೊಳ್ಳಲು ನನಗೂ ಕಿವಿ ಇರಲಿಲ್ಲ. ತಂಡದಲ್ಲಿ ಎಲ್ಲರಿಗೂ ಗೊತ್ತು, ನನಗೆ ಮಾತ್ರ ಗೊತ್ತಿಲ್ಲ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಹಾಗಾದರೆ ನನ್ನನ್ನು ಯಾಕೆ ಕರೆದುಕೊಂಡು ಹೋಗುತ್ತಿದ್ದೆ, ಕರುಣೆಯಾ ಅಂತ ಕೇಳಿದೆ.

ವೆಂಕಟಸ್ವಾಮಿಗೆ ಸಿಟ್ಟು ಬಂತು. ಎದ್ದು ಬಂದು ನನ್ನ ಮುಂದೆ ಕೂತ. "ಕರುಣೆ ಎಲ್ಲಿಂದ ತರ್ಲಿ ನಾನು? ಇಪ್ಪತ್ತಾರು ವರ್ಷ ನೀನ್ ತಲೆ ಅಲ್ಲಾಡ್ಸಿದ್ಮೇಲೇ ನಾನ್ ಮೊದಲ್ನೇ ಏಟು ಹೊಡ್ದಿರೋದು. ಈಗ್ಲೂ ಲ್ಯಾಪ್‌ಟಾಪ್ ಬಟನ್ ಒತ್ತೋಕ್ ಮುಂಚೆ ನಿನ್ ಮುಖ ನೋಡ್ತೀನಿ. ನೀನ್ ಅಲ್ಲಿ ಇಲ್ದೆ ನಂಗೆ ಶುರು ಮಾಡೋಕೇ ಬರಲ್ಲ ಕಣೋ."

ನಾನು ಅತ್ತೆ. ಅವನ ಹೆಂಡತಿ ಕಾಫಿ ತಂದವರು ಬಾಗಿಲಲ್ಲೇ ನಿಂತುಬಿಟ್ಟರು.

ಶನಿವಾರ ಪಕ್ಕದ ಬೀದಿಯಲ್ಲೇ ಮದುವೆ ಇದೆ, ಹೋಗುತ್ತೇನೆ. ಕೀಬೋರ್ಡ್ ತರುವುದಿಲ್ಲ ಅಂತ ಹೇಳಿದ್ದೇನೆ, ಅವನು ಒಪ್ಪಿದ. ಅವನಿಗೆ ಕಾಣುವ ಕಡೆ ನಿಂತು ಹಾಡಿಗೊಂದು ಸಲ ತಲೆ ಅಲ್ಲಾಡಿಸಿದರೆ ನನ್ನ ಕೆಲಸ ಮುಗಿಯಿತು.

ನಿನ್ನ
ಕಲೀಮ್